ಸತ್ತ ಹುಳಗಳ ಸಾಕ್ಷಿ

ಬಂಗೂರನಗರ, ದಾಂಡೇಲಿ
ಸೋಮವಾರ, 8 ಸೆಪ್ಟೆಂಬರ್ 2025
ಮಧ್ಯಾಹ್ನ

ಸಿಟ್ಟು ಮಾಡಿಕೊಂಡು ಕೂತಿರುವ ನನ್ನ ಅಮ್ಮಿಗೆ ಹೀನಾಳ ಸಲಾಂ.

ಮೊದಲು ಈ ಒಂದು ಮಾತು ಓದಿಬಿಡು, ಉಳಿದದ್ದನ್ನು ಬೇಕಾದರೆ ನಾಳೆ ಓದು. ನೀನು ನೀರು ಕುದಿಸಿದ್ದೆ. ದಿನಾ ಕುದಿಸಿದ್ದೆ, ಸರಿಯಾಗಿ ಕುದಿಸಿದ್ದೆ. ಸುಳ್ಳು ಹೇಳಿದವಳು ನೀನಲ್ಲ! ಇದನ್ನು ಮಗಳು ಅಂತ ಹೇಳುತ್ತಿಲ್ಲ ಅಮ್ಮಿ. ನನ್ನೆದುರಿಗೆ ಮೇಜಿನ ಮೇಲೆ ಒಂದು ಕಾಗದ ಇದೆ, ಅದರ ಮೇಲೆ ಎರಡು ಗೆರೆ ಇವೆ, ಆ ಗೆರೆಗಳನ್ನು ನೋಡಿ ಹೇಳುತ್ತಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಬೈಯಬೇಡ.

ಫೋನಿನಲ್ಲೇ ಕೂಗಿ ಹೇಳಬೇಕು ಅಂತ ಬೆಳಗ್ಗೆಯಿಂದ ನಾಲ್ಕು ಸಲ ಮಾಡಿದೆ. ನಾಲ್ಕೂ ಸಲ ಅಬ್ಬಾ ಎತ್ತಿದರು. "ಅಕಿ ಮಾತಾಡಂಗಿಲ್ಲ ಅಂತಾಳ ಬೇಟಾ, ನಾ ಏನ್ ಮಾಡ್ಲಿ?" ಅಂದರು. ಅವರ ಹಿಂದೆ ನೀನು ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ಅಷ್ಟು ಜೋರಾಗಿ ತಿಕ್ಕುತ್ತಿದ್ದೀ ಅಂದರೆ ಬಾಯಿಗೆ ಬಂದದ್ದನ್ನು ತಡೆದುಕೊಂಡಿದ್ದೀ ಅಂತ ನನಗೆ ಗೊತ್ತಿಲ್ಲವೇ? ಹದಿನಾಲ್ಕು ದಿನ ಆಯಿತು ನಿನ್ನ ದನಿ ಕೇಳಿ. ಈದ್ ಮಿಲಾದಿಗೆ ಕೂಡ ಬರಲಿಲ್ಲ ನಾನು. ಕೆಲಸ ಇದೆ ಅಂತ ಅಬ್ಬಾಗೆ ಹೇಳಿದ್ದು ಸುಳ್ಳು. ಆ ದಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬ್ರೆಡ್ಡು ತಿಂದು ಮಲಗಿದ್ದೆ.

ಅದಕ್ಕೇ ಈ ಪತ್ರ. ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನೀನು ಕೂಡಿಸಿ ಕೂಡಿಸಿ ಓದಿಕೋ. ನಾನು ಒಂದನೇ ಇಯತ್ತೆಯಲ್ಲಿದ್ದಾಗ ನನ್ನ ಪುಸ್ತಕ ಹಿಡಿದೇ ಅಲ್ಲವೇ ನೀನೂ ಓದಲು ಕಲಿತದ್ದು? ಅಬ್ಬಾನ ಕೈಗೆ ಮಾತ್ರ ಕೊಡಬೇಡ. ಅವರು ತಮಗೆ ಬೇಡವಾದದ್ದನ್ನೆಲ್ಲ ಹಾರಿಸಿ ಓದುತ್ತಾರೆ.

ಆ ಸೋಮವಾರ ಶಾಲೆಯ ಅಂಗಳದಲ್ಲಿ ಏನಾಯಿತು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಅನ್ನುವುದನ್ನು ನೀನು ಕೇಳಿಯೇ ಇಲ್ಲ, ನಾನೂ ಹೇಳಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕು ಕೂಡಿ ಹನ್ನೆರಡು ಶಾಲೆಗಳ ಬಿಸಿಯೂಟದ ನೀರು ಪರೀಕ್ಷೆ ಮಾಡುವ ಕೆಲಸ ನಮ್ಮ ಕೇಂದ್ರಕ್ಕೆ ಸಿಕ್ಕಿತ್ತು. ಹನ್ನೆರಡನೆಯದೇ ನಮ್ಮೂರ ಶಾಲೆ. ನಾನು ಕಲಿತ ಶಾಲೆ, ನೀನು ಹದಿನಾಲ್ಕು ವರ್ಷದಿಂದ ಅಡಿಗೆ ಮಾಡುವ ಶಾಲೆ. ಆ ವಾರ ಮೂರು ಮಕ್ಕಳಿಗೆ ವಾಂತಿ ಭೇದಿ ಆಗಿತ್ತಲ್ಲ, ಅದಕ್ಕೆ ಶಾಲೆಯ ಮುಖ್ಯೋಪಾಧ್ಯಾಯಿನಿ ಉಮಾಶ್ರೀ ಅಕ್ಕೋರು ಪಾಲಕರನ್ನೂ ಕರೆಸಿದ್ದರು. ನಮ್ಮ ಕೇಂದ್ರ ನಡೆಸುವ ನೀಲಂ ಮೇಡಂ ಆಗ ಜೋಯಿಡಾ ಕಡೆಯ ಕೆಲಸದಲ್ಲಿದ್ದರು, ಯಂತ್ರ ನನ್ನೊಬ್ಬಳ ಕೈಯಲ್ಲಿ. ಊರಿನವರೆಲ್ಲ ಸುತ್ತ ನಿಂತಿದ್ದಾರೆ, ನಡುವೆ ಬಿಳಿ ಕೋಟು ಹಾಕಿಕೊಂಡ ರಜಿಯಾಳ ಮಗಳು. ಎದೆ ಇಷ್ಟು ಉಬ್ಬಿತ್ತು ಅಮ್ಮಿ, ಕೋಟಿನ ಗುಂಡಿ ಕಿತ್ತು ಹೋಗದಿದ್ದದ್ದೇ ಹೆಚ್ಚು.

ಯಂತ್ರದ ಮೇಲೆ ನನಗಿರುವ ಮೋಹ ನಿನಗೆ ಗೊತ್ತು. ಚಿಕ್ಕ ಡಬ್ಬಿ, ಒಳಗೆ ಉಗುರಿನಷ್ಟು ಒಂದು ಚಿಪ್, ಅದರ ಮೇಲೆ ಬಂಗಾರದ ಪೊರೆ. ಆ ಪೊರೆಯಲ್ಲಿ ಎಷ್ಟು ಸಣ್ಣ ತೂತು ಅಂದರೆ ಒಂದು ಕೂದಲಿನ ಅಗಲದಲ್ಲಿ ನಾನೂರು ಹಿಡಿಸುತ್ತವೆ. ಅದರ ಮೇಲೆ ಹೊಟ್ಟೆ ಕೆಡಿಸುವ ಇ. ಕೋಲೈ ಅನ್ನುವ ಹುಳವನ್ನೇ ಹಿಡಿದುಕೊಳ್ಳುವಂಥ ಅಂಟು ಹಚ್ಚಿರುತ್ತಾರೆ. ಬೇರೆ ಹುಳ ಬಂದರೆ ನೀರಿನ ಜೊತೆ ಜಾರಿ ಹೋಗುತ್ತದೆ, ಇದು ಬಂದರೆ ಸಿಕ್ಕಿಕೊಳ್ಳುತ್ತದೆ. ಹುಳ ಕೂತ ಕೂಡಲೇ ಪೊರೆಯಿಂದ ಬರುವ ಬೆಳಕಿನ ಬಣ್ಣ ಒಂದಿಷ್ಟೇ ಇಷ್ಟು ಸರಿಯುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಮೊದಲಾದರೆ ಹುಳಕ್ಕೆ ಹೊಳೆಯುವ ಬಣ್ಣ ಕಟ್ಟಿ ಆಮೇಲೆ ಹುಡುಕಬೇಕಿತ್ತು. ಇದಕ್ಕೆ ಬಣ್ಣವೂ ಬೇಡ, ಗುರುತೂ ಬೇಡ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಆ ದಿನ ಬಾವಿಯ ನೀರು ಹಾಕಿದೆ, ಗೆರೆ ಏರಿತು. ಅಂಗಳದ ನಲ್ಲಿಯ ನೀರು ಹಾಕಿದೆ, ಏರಿತು. ಅದು ಬಾವಿಯದೇ ನೀರಲ್ಲವೇ, ಏರಲೇಬೇಕು. ಕಡೆಗೆ ನಿನ್ನ ತಾಮ್ರದ ಹಂಡೆಯ ನೀರು. ಊಟಕ್ಕೆ ಕೂತ ಮಕ್ಕಳಿಗೆ ಲೋಟದಲ್ಲಿ ಹಾಕುವ, ನೀನು ಕುದಿಸಿದ್ದೇನೆ ಅನ್ನುವ ನೀರು. ಗೆರೆ ಏರಿತು. ಬಾವಿಯ ನೀರಿನಷ್ಟೇ ಏರಿತು.

ಶಾಲಾ ಸಮಿತಿಯ ಅಧ್ಯಕ್ಷ ಕಾಯತಾನ ಮಾಮಾ ಎದ್ದು ನಿಂತು, "ಕುದಿಸಿದ್ರ ಹುಳ ಹೆಂಗ ಇರ್ತಾವು? ರಜಿಯಾ, ಖರೇ ಹೇಳು, ಕುದಸ್ತೀಯೋ ಇಲ್ಲೋ?" ಅಂತ ಕೇಳಿದರು. ನೀನು ಅವರ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದೆ. "ಕುದಿಸೇನಿ" ಅಂದೆ, ಅಷ್ಟೇ. ನಾನು ಏನು ಹೇಳಿದೆ ಅಂತ ನಿನಗೂ ನೆನಪಿದೆ, ಊರಿಗೂ ನೆನಪಿದೆ. "ಯಂತ್ರ ಸುಳ್ಳು ಹೇಳಂಗಿಲ್ರಿ" ಅಂದೆ.

ನೀನು ತಲೆಯ ಮೇಲಿನ ಅಡಿಗೆಯವರ ಟೊಪ್ಪಿಗೆ ತೆಗೆದು, ಮಡಚಿ, ಅಡಿಗೆಮನೆಯ ಕಿಟಕಿಯಲ್ಲಿಟ್ಟು ಮನೆಗೆ ನಡೆದೆ. ಸಾರು ಒಲೆಯ ಮೇಲೇ ಇತ್ತು. ನಿನ್ನ ಜೊತೆ ಅಡಿಗೆ ಮಾಡುವ ಮಾಲವ್ವ ಓಡಿ ಬಂದು ಇಳಿಸಿದಳು.

ಸಿಟ್ಟು ಬಂತಾ? ಬರಲಿ. ಈಗ ಖುಷಿಯ ಭಾಗಕ್ಕೆ ಬರುತ್ತೇನೆ, ಸ್ವಲ್ಪ ತಡೆದುಕೋ.

ಮೊನ್ನೆ ಶನಿವಾರ ಬೆಳಗ್ಗೆ ಎಂದಿನಂತೆ ಯಂತ್ರ ಶುರು ಮಾಡಿದೆ. ದಿನದ ಕೆಲಸಕ್ಕೆ ಮೊದಲು ಚಿಪ್ ಸರಿಯಿದೆಯೋ ಇಲ್ಲವೋ ನೋಡಬೇಕು. ಅದಕ್ಕೆ ಅಂತಲೇ ಫ್ರಿಜ್ಜಿನಲ್ಲಿ ಒಂದು ಪುಟ್ಟ ಸೀಸೆ ಇರುತ್ತದೆ, ಅದರಲ್ಲಿ ಕಂಪನಿಯವರೇ ಕೊಟ್ಟ ಇ. ಕೋಲೈ ಇರುತ್ತದೆ. ಒಂದು ಹನಿ ಹಾಕಿ ಗೆರೆ ಏರಿದರೆ ಚಿಪ್ ಸರಿ. ಒಂದೂವರೆ ವರ್ಷದಿಂದ ದಿನಾ ಮಾಡುತ್ತಿದ್ದೇನೆ. ಆ ದಿನ ಸೀಸೆ ಖಾಲಿಯಾಗಿತ್ತು, ಹೊಸದು ಬಿಚ್ಚಿದೆ. ತಾರೀಖು ಬರೆದುಕೊಳ್ಳೋಣ ಅಂತ ಅದರ ಚೀಟಿಯನ್ನು ಕಣ್ಣ ಹತ್ತಿರ ಹಿಡಿದೆ. ತಾರೀಖಿನ ಕೆಳಗೆ ಇರುವೆಯಂಥ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕಾಯಿಸಿ ಕೊಂದ ಬ್ಯಾಕ್ಟೀರಿಯಾ ಅಂತ.

ಕಾಯಿಸಿ ಕೊಂದದ್ದು! ಅಮ್ಮಿ, ಸೀಸೆ ಕೈಯಿಂದ ಬೀಳುವುದೊಂದು ಬಾಕಿ. ಪ್ರಯೋಗಾಲಯದಲ್ಲಿ ಬದುಕಿದ ಹುಳ ಇಟ್ಟರೆ ಅಪಾಯ, ಅದಕ್ಕೆ ಅವರು ಕಾಯಿಸಿ ಕೊಂದು ಕಳಿಸುತ್ತಾರೆ. ಸತ್ತ ಹುಳ ಹಾಕಿದರೂ ಗೆರೆ ಏರುತ್ತದೆ. ದಿನಾ ಏರುತ್ತದೆ. ದಿನಾ ಬೆಳಗ್ಗೆ ಸತ್ತ ಹುಳ ಹಾಕಿ, ಗೆರೆ ಏರಿದ್ದು ನೋಡಿ, ಶಾಭಾಸ್ ಅಂತ ಯಂತ್ರದ ಬೆನ್ನು ತಟ್ಟಿದವಳು ನಾನೇ. ಅದೇ ಗೆರೆ ನಿನ್ನ ಹಂಡೆಯ ನೀರಿಗೆ ಏರಿದಾಗ ಮಾತ್ರ ನಿನ್ನನ್ನು ಸುಳ್ಳಿ ಮಾಡಿದೆ. ನನ್ನ ಹಣೆಗೆ ನಾನೇ ಎಷ್ಟು ಜೋರಾಗಿ ಹೊಡೆದುಕೊಂಡೆ ಅಂದರೆ ಪಕ್ಕದ ಮನೆಯ ಶಿವವ್ವ ಕಿಟಕಿಯಿಂದ ಇಣುಕಿ "ಏನಾತ ನಿನಗ, ಹಲ್ಲಿ ಬಿತ್ತೇನ?" ಅಂತ ಕೇಳಿದಳು.

ನಿನಗೆ ತಿಳಿಯುವ ಹಾಗೆ ಹೇಳಬೇಕೆಂದರೆ ಮೊಟ್ಟೆಯ ಲೆಕ್ಕ ನೋಡು. ಶಾಲೆಯಲ್ಲಿ ಮೊಟ್ಟೆ ಕೊಡುವ ದಿನ ಬೇಯಿಸಿದ್ದೂ ಹಸಿಯದೂ ಕೂಡಿಕೊಂಡರೆ ಹೊರಗಿನಿಂದ ನೋಡಿ ಹೇಳಲು ಆಗುತ್ತದೆಯೇ? ಸಿಪ್ಪೆ ಎರಡಕ್ಕೂ ಒಂದೇ. ನಮ್ಮ ಚಿಪ್ ಹುಳದ ಸಿಪ್ಪೆಯನ್ನಷ್ಟೇ ಹಿಡಿಯುತ್ತದೆ. ಕುದಿಸಿದರೆ ಹುಳ ಸಾಯುತ್ತದೆ, ಆದರೆ ಅದು ನೀರಿನಿಂದ ಎಲ್ಲಿಗೆ ಹೋಗಬೇಕು? ಹೆಣ ಅಲ್ಲೇ ಇರುತ್ತದೆ. ಸತ್ತದ್ದು ಯಾರ ಹೊಟ್ಟೆಯನ್ನೂ ಕೆಡಿಸುವುದಿಲ್ಲ, ಆದರೆ ಗೆರೆ ಏರಿಸುತ್ತದೆ. ಯಂತ್ರ ಸುಳ್ಳು ಹೇಳಿರಲಿಲ್ಲ. ಹುಳ ಇದೆಯೇ ಅಂತ ಕೇಳಿದ್ದೆ, ಇದೆ ಅಂದಿತು. ಬದುಕಿದೆಯೇ ಅಂತ ನಾನು ಕೇಳಿರಲೇ ಇಲ್ಲ.

ಇನ್ನು ಕೂತಲ್ಲಿ ಕೂರಲಿಕ್ಕೆ ಆಗಲಿಲ್ಲ. ಉಮಾಶ್ರೀ ಅಕ್ಕೋರಿಗೆ ಫೋನು ಮಾಡಿ ಬಾವಿಯ ನೀರು ಒಯ್ಯಲು ಒಪ್ಪಿಗೆ ಕೇಳಿದೆ, ಯಾಕೆ ಅಂತ ಹೇಳಲಿಲ್ಲ. ಎರಡು ಕ್ಯಾನು, ಒಂದು ಐಸ್ ಡಬ್ಬಿ ಹಿಡಿದು ಬಸ್ಸು ಬದಲಿಸುತ್ತ ಸನವಳ್ಳಿಯಲ್ಲಿ ಇಳಿದು ಶಾಲೆಗೆ ನಡೆದೆ. ನೀರು ಸೇದಿಕೊಂಡು ವಾಪಸು ಬರುವಾಗ ನಮ್ಮ ಓಣಿಯ ಬಾಯಿಗೆ ಬಂದು ನಿಂತೆ. ನೀನು ಅಂಗಳದಲ್ಲಿ ಬೆನ್ನು ಹಾಕಿ ಕೂತು ಹರಕು ಬಟ್ಟೆ ವಿಂಗಡಿಸುತ್ತಿದ್ದೆ. ಕರೆಯಬೇಕು ಅನ್ನಿಸಿತು. ಆದರೆ ಕೈಯಲ್ಲಿ ಇನ್ನೂ ಏನೂ ಇರಲಿಲ್ಲ, ನೀರು ಬಿಟ್ಟರೆ. ಹಾಗೇ ತಿರುಗಿ ಬಸ್ಸಿಗೆ ಓಡಿದೆ.

ನಿನ್ನೆ ಭಾನುವಾರ ಬೆಳಗ್ಗೆಯೇ ಶುರು. ನೀನು ಎಷ್ಟು ಹೊತ್ತು ಕುದಿಸುತ್ತೀ ಅಂತ ಅಬ್ಬಾನನ್ನು ಕೇಳಿದ್ದೆ. "ಕುದಿ ಬಂದ ಮ್ಯಾಲೂ ಅಕ್ಕಿ ಆರಿಸಿ ಮುಗಿಸೂತನಾ ಅಕಿ ಇಳಸಂಗಿಲ್ಲ" ಅಂದರು. ನಾನೂ ಹಾಗೇ ಮಾಡಿದೆ. ನೀರು ಕುದಿಯಲು ಹತ್ತಿದ ಮೇಲೆ ಒಂದು ಸೇರು ಅಕ್ಕಿ ಹರವಿಕೊಂಡು ಆರಿಸಿದೆ. ಹತ್ತು ನಿಮಿಷ ಹಿಡಿಯಿತು. ನಿನಗೆ ಐದೇ ನಿಮಿಷ ಸಾಕು, ಗೊತ್ತು, ನಗಬೇಡ. ಆರಿದ ನೀರನ್ನು ಚಿಪ್ಪಿಗೆ ಹಾಕಿದೆ. ಕುದಿಸದ ನೀರು ನಲವತ್ತೊಂದಕ್ಕೆ ಏರಿತು, ಕುದಿಸಿದ್ದು ಮೂವತ್ತೆಂಟಕ್ಕೆ. ನನ್ನ ಕಣ್ಣೆದುರಿಗೇ ಕುದಿಸಿದ ನೀರು! ಅಲ್ಲಿಗೆ ನಿನ್ನ ಅರ್ಧ ಗೆಲುವು ಆಗಿಹೋಯಿತು.

ಇನ್ನರ್ಧಕ್ಕೆ ಬದುಕಿದ್ದು ಯಾವುದು, ಸತ್ತದ್ದು ಯಾವುದು ಅಂತ ತೋರಿಸಬೇಕಿತ್ತು. ನೀನು ಮೊಟ್ಟೆ ಬೆಂದಿದೆಯೋ ಅಂತ ನೆಲದ ಮೇಲೆ ಗರಗರ ತಿರುಗಿಸಿ ನೋಡುತ್ತೀ. ಹುಳಕ್ಕೆ ಹಾಗೆ ಮಾಡಲಾಗದು, ಅದಕ್ಕೆ ಊಟ ಹಾಕಬೇಕು. ಬದುಕಿದ್ದರೆ ಉಂಡು ಬೆಳೆಯುತ್ತದೆ, ಒಂದಿದ್ದದ್ದು ಎರಡಾಗುತ್ತದೆ, ಎರಡಿದ್ದದ್ದು ನಾಲ್ಕಾಗುತ್ತದೆ. ಸತ್ತದ್ದು ಎಷ್ಟಿತ್ತೋ ಅಷ್ಟೇ ಇರುತ್ತದೆ. ಅವುಗಳಿಗೆ ಅಂತಲೇ ಒಂದು ಸಾರು ಬರುತ್ತದೆ, ಪುಡಿ ಕಲಸಿ ಮಾಡುವುದು. ರಜಿಯಾಳ ಮಗಳು ಕಡೆಗೂ ಸಾರು ಮಾಡುವುದು ಕಲಿತಳು, ಅದೂ ಹುಳಗಳಿಗೆ. ಕುದಿಸಿದ ನೀರಿನ ಒಂದು ಬಾಟಲಿ, ಕುದಿಸದ ನೀರಿನ ಒಂದು ಬಾಟಲಿ, ಎರಡಕ್ಕೂ ಸಾರು ಹಾಕಿದೆ. ನಾಲ್ಕು ತಾಸು ನಮ್ಮ ಮೈ ಬಿಸಿಯಷ್ಟೇ ಬೆಚ್ಚಗೆ ಇಡಬೇಕು.

ಆಗ ಕರೆಂಟು ಹೋಯಿತು. ಲೈನ್ ರಿಪೇರಿ, ಮಧ್ಯಾಹ್ನದವರೆಗೆ ಬರುವುದಿಲ್ಲ ಅಂದರು. ಪಕ್ಕದ ಅಂಬಿಕಾನಗರದಿಂದ ನಾಡಿಗೆಲ್ಲ ಕರೆಂಟು ಹೋಗುತ್ತದೆ, ನಮಗೇ ಇಲ್ಲ! ಯಂತ್ರ ಬ್ಯಾಟರಿಯ ಮೇಲೆ ನಡೆಯುತ್ತದೆ, ಆದರೆ ಬೆಚ್ಚಗಿಡುವ ಪೆಟ್ಟಿಗೆಗೆ ಕರೆಂಟೇ ಬೇಕು. ಸಾರು ಹಾಕಿದ ಮೇಲೆ ಬಿಡುವ ಹಾಗಿಲ್ಲ. ಅಳು ಬರುವುದೊಂದೇ ಬಾಕಿ. ಆಗ ನನಗೆ ಮಧ್ಯಾಹ್ನ ಮೂರರ ತನಕ ಅಬ್ಬಾನ ಅನ್ನವನ್ನು ಕವಂದಿಯಲ್ಲಿ ಸುತ್ತಿ ಬಿಸಿಯಾಗಿ ಇಡುವ ನಿನ್ನ ಉಪಾಯ ಹೊಳೆಯಿತು. ರೂಮಿಗೆ ಓಡಿ ಹೋಗಿ ನನ್ನ ಹಾಸಿಗೆಯ ಮೇಲಿನ ಕವಂದಿ ತಂದೆ. ಹಳೆ ಬಟ್ಟೆಯ ತುಂಡು ಕೂಡಿಸಿ ನೀನು ಹೊಲಿದ ಹೊದಿಕೆ, ನಾಲ್ಕೂ ಮೂಲೆಗೆ ಹೂವು ಇಟ್ಟದ್ದು. ನಡುವೆ ಬಿಸಿನೀರಿನ ಒಂದು ಬಾಟಲಿ ಇಟ್ಟು, ಅದರ ಎರಡೂ ಬದಿಗೆ ಹುಳದ ಬಾಟಲಿ ಇಟ್ಟು, ಕೂಸಿಗೆ ಸುತ್ತಿದ ಹಾಗೆ ಸುತ್ತಿದೆ. ಜ್ವರ ನೋಡುವ ಕಡ್ಡಿಯಂಥದೇ ಒಂದನ್ನು ಒಳಗೆ ತೂರಿಸಿದೆ. ಅರ್ಧರ್ಧ ತಾಸಿಗೆ ನೋಡಿದೆ. ಶುರುವಿಗೆ ಮೂವತ್ತೆಂಟು ಡಿಗ್ರಿ, ನಾಲ್ಕು ತಾಸಿನ ಮೇಲೆ ಮೂವತ್ತಾರು. ನಿನ್ನ ಕವಂದಿ ಎರಡೇ ಡಿಗ್ರಿ ಬಿಟ್ಟುಕೊಟ್ಟಿತು ಅಮ್ಮಿ, ಎರಡೇ!

ಬಿಚ್ಚಿ ಚಿಪ್ಪಿಗೆ ಹಾಕಿದೆ. ಕುದಿಸದ ನೀರಿನ ಗೆರೆ ಏರಿ ಏರಿ ಪರದೆ ದಾಟಿ ಹೋಯಿತು. ಕುದಿಸಿದ್ದು ಮೂವತ್ತೆಂಟು. ಇನ್ನೊಂದು ಹೊಸ ಚಿಪ್ಪಿಗೆ ಹಾಕಿದೆ. ಮತ್ತೆ ಮೂವತ್ತೆಂಟು. ನಾನು ಆ ಖಾಲಿ ಕೋಣೆಯಲ್ಲಿ ಒಬ್ಬಳೇ ಕುಣಿದೆ, ನಮ್ಮ ಓಣಿಯ ಮದುವೆಯಲ್ಲಿ ಕುಣಿಯುತ್ತಾರಲ್ಲ ಹಾಗೆ. ಶಿವವ್ವ ಮತ್ತೆ ಇಣುಕಿದಳು. ಈ ಸಲ ಕಿಟಕಿ ಹಾಕಿಕೊಂಡಳು.

ಅಷ್ಟರಲ್ಲಿ ಕರೆಂಟು ಬಂತು. ಎರಡೂ ನೀರನ್ನು ತಟ್ಟೆಗಳಲ್ಲಿ ಹರವಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಬದುಕಿದ ಹುಳ ಇದ್ದರೆ ತಟ್ಟೆಯಲ್ಲಿ ಚುಕ್ಕೆ ಏಳುತ್ತವೆ. ಇದು ಹಳೆಯ ಪದ್ಧತಿ, ಎರಡು ದಿನ ಬೇಕು, ಆದರೆ ಅದರ ಮಾತಿಗೆ ಯಾರೂ ಎದುರು ಹೇಳುವುದಿಲ್ಲ. ನಾಳೆ ಬೆಳಗ್ಗೆ ಬಿಚ್ಚಬೇಕು. ಅಲ್ಲಿಯ ತನಕ ಈ ಪತ್ರ ಮುಗಿಸುವುದಿಲ್ಲ. ಊಟ ಸೇರುತ್ತಿಲ್ಲ, ಹೋಗಿ ಒಂದು ಚಹಾ ಕುಡಿದು ಬರುತ್ತೇನೆ.

ಮಂಗಳವಾರ, 9 ಸೆಪ್ಟೆಂಬರ್
ಬೆಳಗ್ಗೆ ಹನ್ನೊಂದು

ಅಮ್ಮೀ! ಒಂದೂ ಇಲ್ಲ! ಒಂದೇ ಒಂದು ಚುಕ್ಕೆ ಇಲ್ಲ!

ಬೆಳಗ್ಗೆ ಎಂಟಕ್ಕೇ ನೀಲಂ ಮೇಡಂ ಬಂದರು. ಅವರೆದುರಿಗೇ ಬಿಚ್ಚಿದೆ. ಕುದಿಸದ ನೀರಿನ ತಟ್ಟೆ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಗಳು. ನಿನ್ನ ಲೆಕ್ಕದಲ್ಲಿ ಕುದಿಸಿದ ನೀರಿನ ತಟ್ಟೆ ತೊಳೆದಿಟ್ಟ ಹಾಗೆ ಇತ್ತು. ಮೇಡಂ ಅದನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಭೂತಗನ್ನಡಿ ತರಿಸಿ ನೋಡಿದರು. ಆಮೇಲೆ ನನಗೆ ಬೈಗುಳ ಶುರುವಾಯಿತು. ಚಿಪ್ಪಿಗೆ ಸತ್ತದ್ದು ಬದುಕಿದ್ದು ಬೇರೆ ಮಾಡಲು ಬರುವುದಿಲ್ಲ ಅಂತ ಅವರು ತರಬೇತಿಯ ಮೊದಲ ವಾರದಲ್ಲೇ ಹೇಳಿದ್ದರಂತೆ. "ಆಗ ನೀ ಚಿಪ್ಪಿನ ಫೋಟೋ ತಗೊಳ್ಳಾಕ ಹತ್ತಿದ್ದಿ" ಅಂದರು. ಇರಬಹುದು. ಆ ವಾರದ ಫೋಟೋ ನನ್ನ ಫೋನಿನಲ್ಲಿ ನೂರಾ ಎಂಟು ಇವೆ, ಅವರ ಮಾತು ಒಂದೂ ಇಲ್ಲ.

ಬೈದು ಮುಗಿಸಿ ಮೇಡಂ ಕವಂದಿಯ ಕಡೆ ತಿರುಗಿದರು. ನಾನು ಬರೆದಿಟ್ಟ ಡಿಗ್ರಿಗಳನ್ನು ಮೂರು ಸಲ ಓದಿದರು. ಕರೆಂಟಿಲ್ಲದ ಜೋಯಿಡಾದ ಹಳ್ಳಿಗಳಲ್ಲಿ ಬಾಟಲಿ ಬೆಚ್ಚಗಿಡುವುದು ಹೇಗೆ ಅಂತ ಅವರು ಎಂಟು ತಿಂಗಳಿನಿಂದ ತಲೆ ಕೆಡಿಸಿಕೊಂಡಿದ್ದರು. "ಯಾರು ಹೊಲದದ್ದು ಇದು?" ಅಂದರು. ನಮ್ಮ ಅಮ್ಮಿ ಅಂದೆ. ಇನ್ನು ಮುಂದೆ ಪ್ರತಿ ನೀರನ್ನೂ ಎರಡು ಸಲ ನೋಡುವುದು, ಹುಳಕ್ಕೆ ಊಟ ಹಾಕುವ ಮೊದಲು ಒಮ್ಮೆ, ಕವಂದಿಯಿಂದ ತೆಗೆದ ಮೇಲೆ ಒಮ್ಮೆ, ಅಂತ ಅಲ್ಲೇ ಗೋಡೆಯ ಹಲಗೆಯ ಮೇಲೆ ಬರೆದರು. ನಾಲ್ಕು ಬಾಟಲಿ ಹಿಡಿಯುವಷ್ಟು ಚಿಕ್ಕ ಕವಂದಿ ಹೊಲಿದು ಕೊಡುತ್ತಾರಾ ಕೇಳು ಅಂದರು. ಅವರಿಗೆ ಏನು ಗೊತ್ತು, ನೀನು ನನ್ನ ಜೊತೆ ಮಾತೇ ಆಡುತ್ತಿಲ್ಲ ಅಂತ. ಕೇಳುತ್ತೇನೆ ಅಂದೆ.

ಕೂಡಲೇ ಉಮಾಶ್ರೀ ಅಕ್ಕೋರಿಗೆ ಫೋನು ಮಾಡಿದೆ. ಈಗ ಹೇಳುವುದು ಖುಷಿಯದಲ್ಲ. ನೀನು ಬಿಟ್ಟು ಹೋದ ಮೇಲೆ, ರಜಿಯಾ ಕುದಿಸಿದ್ದು ಖರೇ ಆದರೆ ಕುದಿಸಿದರೂ ಹುಳ ಸಾಯುವುದಿಲ್ಲ ಅಂತಾಯಿತಲ್ಲ, ಸುಮ್ಮನೆ ಯಾಕೆ ಉರಿ ಖರ್ಚು ಅಂತ ಅವರು ಬಾವಿಯ ನೀರನ್ನೇ ಸೋಸಿ ಕೊಡುತ್ತಿದ್ದರಂತೆ. ನನ್ನ ಗೆರೆ ನೋಡಿ ಅವರು ಕಲಿತ ಪಾಠ ಅದು. ಹೋದ ವಾರ ಇನ್ನೂ ಐದು ಮಕ್ಕಳಿಗೆ ಹೊಟ್ಟೆ ಕೆಟ್ಟಿದೆ. ಈಗ ಎಲ್ಲರೂ ಹುಷಾರಾಗಿದ್ದಾರೆ, ಹೆದರಬೇಡ. ಮೊದಲು ಬಿದ್ದ ಮೂವರೂ ಅಂಗಳದ ನಲ್ಲಿಗೆ ಬಾಯಿ ಹಚ್ಚಿ ಕುಡಿಯುವ ಹುಡುಗರೇ ಅಂತ ಅಕ್ಕೋರು ಈಗ ವಿಚಾರಿಸಿ ತಿಳಿದುಕೊಂಡರು. ಆ ನಲ್ಲಿ ಇವತ್ತೇ ಬಂದಾಯಿತು. ಕುದಿಸದೆ ಒಂದು ಹನಿಯನ್ನೂ ಕೊಡಬಾರದು ಅಂತ ನಾನು ಗಂಟಲು ಹರಿಯುವ ಹಾಗೆ ಹೇಳಿದ್ದೇನೆ.

ಅದಕ್ಕೆ ಮಾಲವ್ವ ಫೋನು ಕಸಿದುಕೊಂಡು, "ಹೀನಾ, ಅಷ್ಟು ನೀರ ಕುದಿಸಾಕ ಗ್ಯಾಸ್ ಎಲ್ಲಿ ಸಾಲತೈತಿ? ರಜಿಯಾಕ್ಕ ಹೆಂಗ ಕುದಸ್ತಿದ್ಲು?" ಅಂತ ಕೇಳಿದಳು. ನನಗೂ ಗೊತ್ತಿರಲಿಲ್ಲ. ಅಕ್ಕೋರು ಫೋನು ಹಿಡಿದುಕೊಂಡೇ ಅಡಿಗೆಮನೆಯ ಹಿಂದೆ ಹೋದರು. ಅಲ್ಲಿ ಮೂರು ಕಲ್ಲು ಕರ್ರಗೆ ಆಗಿದ್ದಾವೆ ಅಂದರು, ಮೊಣಕಾಲೆತ್ತರ ಬೂದಿ ಇದೆ ಅಂದರು. ಯಾರೂ ಬರುವ ಮೊದಲೇ ಮನೆಯಿಂದ ಕಟ್ಟಿಗೆ ಹೊತ್ತು ತಂದು ಅಲ್ಲಿ ಒಲೆ ಹಚ್ಚುತ್ತಿದ್ದೆಯಂತೆ. ನನಗೆ ಅಬ್ಬಾ ಈಗ ಹೇಳಿದರು. ಹದಿನಾಲ್ಕು ವರ್ಷ ಅಮ್ಮಿ! ಒಂದು ಸಲವಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಆ ದಿನ ಕಾಯತಾನ ಮಾಮಾನ ಕೈ ಹಿಡಿದು ಹಿಂದೆ ಕರೆದೊಯ್ದು ಬೂದಿ ತೋರಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನೀನು ತೋರಿಸಲಿಲ್ಲ. ಮಗಳೇ ನಂಬಲಿ ಅಂತ ನೀನು ಕಾದೆ, ಅಲ್ಲವೇ?

ಮುಂದಿನ ಸೋಮವಾರ, ಹದಿನೈದನೇ ತಾರೀಖು ಹನ್ನೊಂದು ಗಂಟೆಗೆ ಶಾಲೆಯಲ್ಲಿ ಸಮಿತಿಯ ಸಭೆ. ನಿನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಬೇಕೋ ಬೇಡವೋ ಅಂತ ಅಂದೇ ತೀರ್ಮಾನ ಮಾಡುತ್ತಾರೆ. ನಾನು ಯಂತ್ರ, ಎರಡೂ ತಟ್ಟೆಗಳ ಫೋಟೋ, ಸೀಸೆ, ಎಲ್ಲ ಹೊತ್ತು ಬರುತ್ತಿದ್ದೇನೆ. ಮೇಡಂ ಕೂಡ ಬರುತ್ತಾರೆ. ಅದೇ ಅಂಗಳದಲ್ಲಿ, ಅದೇ ಜನರೆದುರಿಗೆ ಎಲ್ಲವನ್ನೂ ಮತ್ತೆ ಮಾಡಿ ತೋರಿಸುತ್ತೇನೆ. ನೀನೂ ಬಾ. ಕುದಿಸುವುದಕ್ಕೆ ನೀನೇ ಬೇಕು, ಅವರ ಕಣ್ಣೆದುರಿಗೆ, ಆ ಮೂರು ಕಲ್ಲಿನ ಮೇಲೆ. ನನ್ನ ಜೊತೆ ಮಾತಾಡದಿದ್ದರೂ ನಡೆಯುತ್ತದೆ. ನೀರಿನ ಜೊತೆ, ಒಲೆಯ ಜೊತೆ ಮಾತಾಡು. ನಾನು ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತೇನೆ.

ನಿನ್ನ ಟೊಪ್ಪಿಗೆಯನ್ನು ಆ ಕಿಟಕಿಯಿಂದ ಯಾರೂ ಮುಟ್ಟಿಲ್ಲವಂತೆ. ಮಾಲವ್ವ ತಾನು ಹಾಕಿಕೊಳ್ಳುವುದಿಲ್ಲ ಅಂತ ಹಟ ಹಿಡಿದಿದ್ದಾಳೆ. ಅಬ್ಬಾಗೆ ಸಲಾಂ. ಎರಡು ದಿನದಿಂದ ನಾನು ಸರಿಯಾಗಿ ಉಂಡಿಲ್ಲ ಅಂತ ನಿನಗೆ ಹೇಳಬೇಡಿ ಅಂದಿದ್ದೇನೆ, ಹೇಳಿಯೇ ಇರುತ್ತಾರೆ.

ನಿನ್ನ ಕೈ ಅನ್ನ ಉಂಡು ಬೆಳೆದ, ನಿನ್ನ ಕೈ ಮೇಲೇ ಅನುಮಾನ ಪಟ್ಟ,
ಹೀನಾ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ನನಗೆ ತಿಳಿದಿರಲಿಲ್ಲ, ಯಂತ್ರಕ್ಕೆ ಸತ್ತದ್ದು ಬದುಕಿದ್ದು ತಿಳಿಯುವುದಿಲ್ಲ ಅಂತ ಮೇಲೆ ಬರೆದೆನಲ್ಲ, ಅದು ಖರೇ. ಆದರೆ ಪೂರ್ತಿ ಖರೇ ಅಲ್ಲ. ನಮ್ಮ ಕೇಂದ್ರದಲ್ಲಿ ಒಂದು ನಿಯಮ ಇದೆ. ಗೆರೆ ಏರಿದರೂ ಅಲ್ಲೇ ಬಾಯಿ ಬಿಡಬಾರದು. ನೀರು ತಂದು ತಟ್ಟೆಗೆ ಹಾಕಿ, ಎರಡು ದಿನ ಕಾದು, ಆಮೇಲೆ ಹೇಳಬೇಕು. ಹನ್ನೊಂದು ಶಾಲೆಗಳಲ್ಲಿ ಹಾಗೇ ಮಾಡಿದ್ದೆ. ಎರಡು ಕಡೆ ಗೆರೆ ಏರಿತ್ತು, "ಎರಡು ದಿನ ತಡೀರಿ" ಅಂತ ಹೇಳಿ ಬಂದಿದ್ದೆ. ನಮ್ಮ ಶಾಲೆಯಲ್ಲಿ ನಿನ್ನ ಹಂಡೆಯ ಸರದಿ ಬಂದಾಗ ಎಲ್ಲರೂ ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದರು, ತಾಯಿಯನ್ನು ಉಳಿಸಿಕೊಳ್ಳುತ್ತಾಳೋ ಹೇಗೆ ಅಂತ. ನಾನು ಅಂಥವಳಲ್ಲ ಅಂತ ತೋರಿಸಬೇಕಿತ್ತು. ತೋರಿಸಿದೆ. ಆ ನೀರನ್ನು ದಾಂಡೇಲಿಗೆ ತಂದೂ ತಟ್ಟೆಗೆ ಹಾಕಲಿಲ್ಲ, ಸಿಂಕಿಗೆ ಸುರಿದೆ. ಮೇಡಂ ಕೇಳಿದಾಗ ತಟ್ಟೆಗೆ ಬೂಷ್ಟು ಹತ್ತಿತು ಅಂದೆ. ಹಾಕಿದ್ದರೆ ಅದೇ ಬುಧವಾರ ನೀನು ಗೆದ್ದಿರುತ್ತಿದ್ದೆ, ಆ ಐದು ಮಕ್ಕಳೂ ಬೀಳುತ್ತಿರಲಿಲ್ಲ. ಪರರಿಗೆ ಎರಡೆರಡು ದಿನ ಕೊಟ್ಟೆ ಅಮ್ಮಿ. ನೀನು ನನ್ನ ಅಮ್ಮಿ ಅನ್ನುವ ಒಂದೇ ಕಾರಣಕ್ಕೆ ನಿನಗೆ ಎರಡು ನಿಮಿಷವನ್ನೂ ಕೊಡಲಿಲ್ಲ. ಇದು ಇನ್ನೂ ಮೇಡಂಗೂ ಗೊತ್ತಿಲ್ಲ, ಮೊದಲು ನಿನಗೇ ಹೇಳಿದ್ದೇನೆ. ಸೋಮವಾರ ಸಭೆಯಲ್ಲಿ ಎದ್ದು ನಿಂತು ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ.